ಹಡಗಿನ ಆಫೀಸಿನಲ್ಲಿ ಊಟ

ಗದಗಿಗೆ ಸಮುದ್ರವಿಲ್ಲ.
ಕೆರೆಯೊಂದಿದೆ, ಬೇಸಿಗೆಗೆ ಅದೂ ಅಷ್ಟಕ್ಕಷ್ಟೆ.
ಆದರೂ ಸ್ಟೇಶನ್ ಹತ್ತಿರದ ಈ ಕಲ್ಲುಕಟ್ಟಡದ ಹಣೆಯಲ್ಲಿ
ಲಂಗರೊಂದು ಕೆತ್ತಿದೆ.
ಅರಳೆ ಇಲ್ಲಿ ರೈಲು ಹತ್ತಿ
ಮರ್ಮಗೋವಾದಲ್ಲಿ ಹಡಗು ಹತ್ತುತ್ತಿದ್ದ ಕಾಲಕ್ಕೆ
ಯಾರೋ ಏಜೆಂಟ ಹಾಕಿಸಿದ್ದು.
ಮಂದಿ ಹಡಗಿನ ಆಫೀಸು ಅಂದರು.
ಆಮೇಲೆ ಅದು ಗೊಬ್ಬರದ ಗೋದಾಮು,
ಆಮೇಲೆ ಬಾವಲಿಗಳದ್ದು,
ಹೋದ ದೀಪಾವಳಿಯಿಂದ ಹೋಟೆಲು.
ಹೆಸರು: ಬಂದರು.

ಭಿಶಿ ಎತ್ತಿದ ವಾರ ದೊಡ್ಡವ್ವನನ್ನು ಕರೆದುಕೊಂಡು ಹೋದೆ.
ಫಕೀರವ್ವ ಮುಂಬಾಗಿಲು ದಾಟಿ
ಸೀದಾ ಹಿತ್ತಲ ಕಡೆ ನಡೆದಳು,
ಎಮ್ಮೆಗೆ ಹಟ್ಟಿ ಗೊತ್ತಿರುವ ಹಾಗೆ.
ಓಡಿ ಸೆರಗು ಹಿಡಿದೆ.
"ಈ ಕಡೆ ಐತಿ ಬಾಗಲಾ."
"ಅದು ಸಾಹುಕಾರ್ರದಲಾ?"
ಚಪ್ಪಲಿ ಬಿಚ್ಚಿದಳು,
ಕೈಯಲ್ಲಿ ಹಿಡಿದೇ ಒಳಗೆ ಬಂದಳು.

ಒಳಗೆ ತಂಪು. ತೂಕದ ತಕ್ಕಡಿಯ ಪರಡಿ ತುಂಬ
ಸೌತೆಕಾಯಿ, ಬೀಟ್‌ರೂಟು.
ಪ್ರೆಸ್ಸಿನ ಕಬ್ಬಿಣದ ಚಕ್ರಕ್ಕೆ ದೀಪದ ಸರ,
ಅದರ ಮುಂದೆ ಹುಡುಗಿಯರ ಸೆಲ್ಫಿ.
ದೊಡ್ಡವ್ವ ಚಕ್ರ ನೋಡಲಿಲ್ಲ, ನೆಲ ನೋಡಿದಳು.
"ಇಲ್ಲಿ ನಾ, ಅಲ್ಲಿ ನಿಂಗವ್ವ,
ಆ ಫ್ರಿಜ್ಜಿನ ಕಡೆ ಹುಸೇನಬಿ.
ಅಂಡಿಗಿ ಬಾಯಿ ಹೊಲೀತಿದ್ವಿ."

ಮೆನು ಹಲಗೆಯಷ್ಟು ಭಾರ.
ರೊಟ್ಟಿಯ ನಾಲ್ಕು ತುಂಡು, ಚಮಚೆ ಶೇಂಗಾ ಹಿಂಡಿ:
ಇನ್ನೂರಾ ನಲವತ್ತು.
ಬೆಲೆ ಓದಿ ಹೇಳಲಿಲ್ಲ ನಾನು.
ಅವಳು ಚಿತ್ರ ನೋಡಿ
ಮೀನಿನ ಮೇಲೆ ಬೆರಳಿಟ್ಟಳು.

ವೇಟರ್ ಹುಡುಗ ಅಂಕೋಲೆಯವನು,
ಅಂಗಿಯ ಮೇಲೆ ಹೆಸರು ಪ್ರಮೋದ ಹರಿಕಂತ್ರ.
"ಸಮುದ್ರಾ ನೋಡೀಯೇನಪಾ?"
"ದಂಡೆ ಮೇಲೇ ಹುಟ್ಟಿದ್ದು, ಅಜ್ಜಿ."
"ಹಂಗಾರ ನಿನ್ನ ಒಂದ್ ಕೇಳಬೇಕು."

ಅವಳಿಗಾಗ ಹದಿನೇಳು.
ಹೊಲಿಯುತ್ತ ಹೊಲಿಯುತ್ತ ದಬ್ಬಣ ಜಾರಿ
ಅಂಡಿಗೆಯೊಳಗೆ ಹೋಯಿತು.
ಬಿಚ್ಚಗೊಡಲಿಲ್ಲ, ವ್ಯಾಗನ್ನು ನಿಂತಿತ್ತು.
ಶನಿವಾರದ ಬಟವಾಡೆಯಲ್ಲಿ ನಾಲ್ಕಾಣೆ ಮುರಿದರು.
ನಾಲ್ಕಾಣೆ ಹೋಗಲಿ,
ಆಚೆ ದಡದಲ್ಲಿ ಅರಳೆಗೆ ಕೈ ಹಾಕಿದ
ಯಾವ ಹೆಣ್ಣುಮಗಳಿಗೆ ಚುಚ್ಚಿತೋ
ಎಂಬುದನ್ನು
ಮದುವೆ, ಮೂರು ಬಾಣಂತನ, ಗಂಡನ ಸಾವು
ಇಷ್ಟೆಲ್ಲ ದಾಟಿಯೂ ನಮಗ್ಯಾರಿಗೂ ಹೇಳಿರಲಿಲ್ಲ.
ಪರವೂರ ಹುಡುಗನಿಗೆ ಹೇಳಿದಳು.

ಅವನು ನಗಲಿಲ್ಲ. ಟ್ರೇ ಕಂಕುಳಿಗೆ ಸೇರಿಸಿ ಯೋಚಿಸಿದ.
"ಉಪ್ಪುಗಾಳಿ ಅಲ್ವಾ ಅಜ್ಜಿ, ತುಕ್ಕು ಹಿಡ್ದು ಮುರಿದಿರ್ತದೆ.
ಯಾರಿಗೂ ಚುಚ್ಚಿರೂದಿಲ್ಲ."
"ಅರಳಿಯೊಳಗ ಅಷ್ಟ್ ಲಗೂ ತುಕ್ಕ ಹಿಡಿಯೂದಿಲ್ಲೋ ತಮ್ಮಾ."

ಬಂಗಡೆ ಬಂತು, ಬಾಳೆಎಲೆಯಲ್ಲಿ ಕಟ್ಟಿದ್ದು.
ಮೊದಲು ದಾರ ಮುಟ್ಟಿದಳು: "ಗಂಟು ಸಡ್ಲ ಐತಿ."
ತಿಂದಳು.
ಮೂರನೆಯ ತುತ್ತಿಗೆ ತಡೆದಳು.
ನೀರು ಹಿಡಿದು ಬೆನ್ನು ತಟ್ಟಲು ಎದ್ದೆ.
ಬಾಯಿಂದ ಮುಳ್ಳೊಂದನ್ನು ಎಳೆದು
ತೂಗುದೀಪಕ್ಕೆ ಹಿಡಿದಳು,
ಒಂದು ಕಣ್ಣು ಮುಚ್ಚಿ, ದಾರ ಪೋಣಿಸುವವಳ ಹಾಗೆ.
ಬಹಳ ಹೊತ್ತು.
"ಕಣ್ಣಿಲ್ಲ ಇದಕ್ಕ" ಅಂದಳು.
ತಟ್ಟೆಯ ಅಂಚಿಗಿಟ್ಟು ಮತ್ತೆ ಉಣ್ಣತೊಡಗಿದಳು.

ಬಿಲ್ಲು ಕೊಟ್ಟು ತಿರುಗಿದರೆ ದೊಡ್ಡವ್ವ ಇಲ್ಲ.
ಅಡಿಗೆಮನೆ ಹಾದು, ಹಿತ್ತಲ ಬಾಗಿಲಲ್ಲಿ ಕೂತು
ಚಪ್ಪಲಿ ಮೆಟ್ಟುತ್ತಿದ್ದಳು.
ಪಕ್ಕದ ನಳದಡಿ
ಮೊಣಕೈವರೆಗೆ ನೊರೆಯಾದವಳೊಬ್ಬಳು ಪಾತ್ರೆ ತಿಕ್ಕುತ್ತಿದ್ದಳು.
"ಬಟವಾಡೆ ಯಾವತ್ತವಾ?"
"ಶನಿವಾರ, ಆಯಿ."
"ಮುರೀತಾರೇನು?"
"ಗ್ಲಾಸ್ ಒಡದ್ರ."