ಬಟ್ಟೆಮಲ್ಲಪ್ಪ, ಎರಡು

ಮೊದಲ ದಿನ ಒಬ್ಬಾಕಿ ರೊಕ್ಕ ಚಾಚಿ
"ಬಟ್ಟೆಮಲ್ಲಪ್ಪ, ಎರಡು" ಅಂದಳು.
ನಾನು ಸೀಟಿನ ಕೆಳಗ ಬಗ್ಗಿ ಅರಿವಿ ಗಂಟು ಹುಡುಕಿದೆ,
ಮಲ್ಲಪ್ಪ ಯಾರಂತ ಕೇಳಿದೆ.
ಆ ಊರು ಬರೂತನಕ ಬಸ್ಸಿಗೆ ಬಸ್ಸೇ ನಕ್ಕಿತು.

ಹೋಗದಾ, ಇಳಿಯದಾ, ಕೊಡದಾ.
ಇಲ್ಲಿ ಮಾತು ಕೊನಿಗೆ ಬಂದು ಜಾರ್ತದ.
ಕೇಳಿದ್ದೋ ಹೇಳಿದ್ದೋ
ನನ್ನ ಇಂಡಿ ತಾಲೂಕಿನ ಕಿವಿಗೆ ತಿಳಿಯೂದ್ರಾಗ
ಸ್ಟಾಪು ದಾಟಿರ್ತದ.

ಗಾಮಪ್ಪಗ ಎಲ್ಲಾದಕ್ಕೂ ಒಂದ ಮಾತು.
ಬಸ್ಸು ತಡ ಆದರ "ಎಂತ ಸಾವು ಮಾರಾಯ್ರೆ",
ಚಿಲ್ಲರ ಇಲ್ಲಂದರ "ಎಂತ ಸಾವು".
ಮೊದಮೊದಲು ನಾನು ದನಿ ಇಳಿಸಿ ಕೇಳ್ತಿದ್ದೆ:
"ಯಾರು ತೀರ್ಕೊಂಡಾರ್ರೀ?"

ಮೊನ್ನೆ, ಹದಿನೈದು ದಿನದ ಮ್ಯಾಲ, ಹತ್ತಿದ.
ತಲಿ ಬೋಳಿಸಿತ್ತು.
ಅವನ ತಾಯಿ ಅಂತ, ಹಿಂದಿನ ಸೀಟಿನವರು ಅಂದರು.
ರೊಕ್ಕ ಕೊಟ್ಟ. ಬಸ್ಸು ಅರ್ಧ ತಾಸು ತಡ ಇತ್ತು,
ಏನೂ ಅನ್ನಲಿಲ್ಲ.

ಮೋರಿ ದಾಟಿದ ಕೂಡಲೇ ಗುಂಡಿ.
ಚೀಲ ಜಾರಿ ಚಿಲ್ಲರ ಎಲ್ಲಾ ಚೆಲ್ಲಿ
ನನ್ನ ಬಾಯಿಂದ, ನನ್ನದ ಬಾಯಿಂದ,
"ಎಂತ ಸಾವು ಮಾರಾಯ್ರೆ!"

ನಾಲಿಗಿ ಕಚ್ಚಿಕೊಂಡೆ.

ಗಾಮಪ್ಪ ಸೀಟಿನ ಕೆಳಗ ಬಗ್ಗಿ
ಒಂದೊಂದ ನಾಣ್ಯ ಆರಿಸಿ
ನನ್ನ ಅಂಗೈಗೆ ಹಾಕಿದ.
"ಹೌದ್ರೀ" ಅಂದ.