ಖಾಲಿ ಕೊಳ

ಮೊದಲು ತೆಳು ಗೆರೆಯ ಸೊನ್ನೆ: ಅಲ್ಲಿಂದ ಶುರು.
ಕೊನೆಗೆ ದಪ್ಪ ಗೆರೆಯ ಸೊನ್ನೆ: ಅಲ್ಲಿಗೆ ಮುಗಿಯಿತು.
ಸೊನ್ನೆಗೂ ಸೊನ್ನೆಗೂ ನಡುವೆ ನಮ್ಮ ಸಂಬಳ, ಅಂದೆ.
ತೆಲ್ಮೊ ನಗಲಿಲ್ಲ. ಕಲಿಸುವ ಹುಡುಗನಿಗೆ ಇಪ್ಪತ್ತಾರು.

ಪೋರ್ತೊ ಊರಿನ ಟ್ರಾಮುಗಳಲ್ಲಿ ಜನ ಮರೆತು ಹೋದದ್ದಕ್ಕೆ
ಮೂವತ್ತೊಂದು ವರ್ಷದಿಂದ ನಾನೇ ಕಾವಲು.
ಅದನ್ನೀಗ ಚಿತ್ರ ಬರೆದು ತೋರಿಸಬೇಕಂತೆ,
ದುಂಡು ಮೂಲೆಯ ಪೆಟ್ಟಿಗೆಗೊಂದು ಕೆಲಸ:
ಚೀಟಿ ಅಂಟಿಸು. ಕಪಾಟಿಗೇರಿಸು.
ಕಂಡಕ್ಟರನಿಗೊಂದು ಓಣಿ, ನನಗೊಂದು.
ಓಣಿಗೆ ದಿಯೊಲಿಂಡಾ ಅಂತ ಹೆಸರಿಡಕೂಡದು,
ಗುಮಾಸ್ತೆ ಅನ್ನಬೇಕು.
ಅವನ ಓಣಿಯಿಂದ ನನ್ನದಕ್ಕೆ ದಾಟುವ ಬಾಣದ ತುಂಬ
ನವೆಂಬರಿನಲ್ಲಿ ಬರೀ ಕೊಡೆಗಳು.

ವಜ್ರದಾಕಾರ ಬಂದಲ್ಲಿ ಪ್ರಶ್ನೆ ಕೇಳಬೇಕು:
ವಾರಸುದಾರ ಬಂದನೆ? ಹೌದು. ಇಲ್ಲ.
"ಬಂದು, ನೋಡಿ, ನನ್ನದಲ್ಲ ಅಂದು
ಬಾಗಿಲಾಚೆ ನಿಂತು ಅತ್ತರೆ?"
ತೆಲ್ಮೊ ಪೆನ್ಸಿಲಿನ ತುದಿ ಕಚ್ಚಿದ.

ಸೊನ್ನೆಯೊಳಗೆ ಗಡಿಯಾರವಿಟ್ಟರೆ ಕಾಯುವುದು.
ಅರವತ್ತು ದಿನ. ಆಮೇಲೆ ಹರಾಜು.
(ಕೆಳಗಿನ ಖಾನೆಯಲ್ಲೊಂದು ಹಲ್ಲಿನ ಸೆಟ್ಟು ಇದೆ.
ಒಂಬತ್ತು ವರ್ಷವಾಯಿತು. ಅದನ್ನು ಬರೆಯಲಿಲ್ಲ.)

ಕಳಕೊಂಡವರದು ಬೇರೆಯೇ ಕೊಳ, ಖಾಲಿ ಬಿಡಬೇಕು.
ಒಳಗೇನು ನಡೆಯುತ್ತದೋ ನಮಗೆ ತಿಳಿಯದು ಅಂತ ಅರ್ಥ.
ಅಲ್ಲಿಗೆ ಅಖಂಡ ಗೆರೆ ನಿಷಿದ್ಧ;
ತುಂಡುತುಂಡು ಗೆರೆ ಮಾತ್ರ,
ಅದರ ಮೇಲೆ ಹೋಗಿಬರುವುದು ಒಂದು ಸಂದೇಶವಷ್ಟೆ.
ಇದೊಂದು ನಿಯಮ ನನಗೆ ಒಂದೇ ಸಲಕ್ಕೆ ಹತ್ತಿತು.

ರೂಲು ಹಿಡಿದು ಎಳೆಯುತ್ತಿದ್ದೆ, ಕಿಟಕಿ ಬಡಿಯಿತು.
ಒಂಟಿ ಕೈಗವಸು ಎತ್ತಿ ತೋರಿಸುತ್ತ ಯಾರೋ ಒಬ್ಬಾಕೆ:
"ಇದರ ಜೊತೆಯದು?"
ತೆಲ್ಮೊ ಚಿತ್ರ ನೋಡಿದ.
ನಾನು ಏಣಿ ಎಳೆದುಕೊಂಡೆ.