ಬಾಕಿ ಕಾಲಮ್ಮಿನಲ್ಲಿ ಕೆ

ಪಡುಕೆರೆಯಲ್ಲಿ ವಾಮನ ತಿಂಗಳಾಯರ ಷೆಡ್ಡು.
ಈಚೆ ಹೊಳೆ, ಆಚೆ ಕಡಲು,
ನಡುವೆ ಎರಡು ತೆಂಗಿಗೆ ಬಿಗಿದ ತಾಮ್ರದ ತಂತಿ.
ಯಾರೋ ಒಮ್ಮೆ ಅದರ ಮೇಲೆ ಲುಂಗಿ ಒಣಗಿಸಿದ್ದರು;
ಅವತ್ತು ಜಪಾನು ಕೇಳಲಿಲ್ಲವೆಂದು ಇವರಿಗೆ ಈಗಲೂ ಸಿಟ್ಟು.

ಹೆಸರಲ್ಲಿ ತಿಂಗಳು,
ಬೆಳಗಾದರೆ ವಿಚಾರಿಸುವುದು ಸೂರ್ಯನ ಆರೋಗ್ಯ.

"ಬರೆ" ಎನ್ನುತ್ತಾರೆ. ಬರೆಯುತ್ತೇನೆ,
ಹಳೆಯ ಮೀನು ಏಲಂ ಪುಸ್ತಕದಲ್ಲಿ.
ಬುಟ್ಟಿ ಎಂದಿದ್ದಲ್ಲಿ ಫ್ಲಕ್ಸು: ನೂರ ಎಪ್ಪತ್ತೆರಡು.
ದರ ಎಂದಿದ್ದಲ್ಲಿ ಎ: ಒಂಬತ್ತು.
ಬಾಕಿ ಎಂದಿದ್ದಲ್ಲಿ ಕೆ.

ಫ್ಲಕ್ಸು ಏರಿದರೆ ಆಕಾಶದ ಮಾಡು ಗಟ್ಟಿ,
ಹತ್ತು ಮೀಟರಿನ ಅಲೆಯೂ ತೂರಿಹೋಗದೆ
ಬಡಿದು ಹಿಂದೆ ಬರುತ್ತದೆ, ದೂರದ ಯಾರದೋ ಅಂಗಳಕ್ಕೆ.
ಎ, ಕೆ ಹಾಗಲ್ಲ. ಅವು ಜಗಳದ ಲೆಕ್ಕ.
"ಎ ಅಂದರೆ ನಿನ್ನೆ ಇಡೀ ದಿನ ಆ ಮನೆಯ ಗಲಾಟೆ,
ಕೆ ಅಂದರೆ ಈ ಮೂರು ಗಂಟೆಯಲ್ಲಿ ಬಿದ್ದ ಪಾತ್ರೆ.
ಒಳಗೆ ಹೋಗುವವಳು ಯಾವುದನ್ನು ಕೇಳಬೇಕು ಮಾರಾಯ್ತಿ?"
ಕೆ ಎಂದೆ.
ಎರಡೂ ಎಂದಿದ್ದರೆ ಚಾ ಸಿಗುತ್ತಿತ್ತು.

ಕಲೆ ಅಂಚಿಗೆ ಸರಿದು ಮರೆಯಾದರೆ ಮುಗಿಯಲಿಲ್ಲ.
ಅಶ್ವಿನಿ, ಭರಣಿ ಎಂದು ಬೆರಳು ಮಡಚುತ್ತಾರೆ,
ರೇವತಿಗೆ ಇಪ್ಪತ್ತೇಳು;
ಸೂರ್ಯ ಒಂದು ಸುತ್ತು ತಿರುಗಿ
ಅದೇ ಕಲೆ ಮತ್ತೆ ಬಾಗಿಲಲ್ಲಿ,
ಬಾಡಿಗೆ ಕೇಳಲು ಬಂದವನ ಹಾಗೆ.

ನನಗೆ ಲೈಸೆನ್ಸು ಬಂದು ಹನ್ನೊಂದು ದಿನ.
ಮಾರ್ಚ್ ತಿಂಗಳ ಸಂಜೆ. ಲಂಡನ್ನಿನ ನಡುಹಗಲು, ಇಲ್ಲಿ ಐದೂವರೆ.
ಹೊಸ ಕೆ ಬಂತು: ಏಳು.

ಬಂದರಿನಲ್ಲಿ ಮೂರನೇ ನಂಬರು ಏರಿಸಿದರೇ
ದೋಣಿ ಬಿಡುವುದಿಲ್ಲ.
ಇಲ್ಲಿ ಏಳು, ಕಡಲು ಮಾತ್ರ ಎಣ್ಣೆ ಸುರಿದಷ್ಟು ಸುಮ್ಮನೆ,
ಬಲೆ ಒಣಗುತ್ತಿದೆ, ಮಕ್ಕಳ ಕ್ರಿಕೆಟ್ಟು ನಡೆದಿದೆ,
ಒಂದು ತೆಂಗಿನ ಗರಿ ಅಲ್ಲಾಡುವುದಿಲ್ಲ.
ಇಪ್ಪತ್ತು ಮೀಟರು ತಿರುಗಿಸಿದೆ. ಬೂದಿ.
ಫಿನ್ಲೆಂಡು ಇಲ್ಲ. ಕೆನಡಾ ಇಲ್ಲ.
ಸ್ಕ್ರೂ ಡ್ರೈವರು ತಂದು ಮುಚ್ಚಳ ಬಿಚ್ಚತೊಡಗಿದೆ.

"ಮುಚ್ಚು. ಯಂತ್ರಕ್ಕೆ ಎಂತದೂ ಆಗಲಿಲ್ಲ."
ಕನ್ನಡಕ ಒರೆಸುತ್ತಾ, ನನ್ನನ್ನು ನೋಡದೆ,
"ಈ ವರದಿ ಬರೆಯುವವರು ಉತ್ತರದವರು.
ಅವರ ಮಾಡು ಹಾರಿದರೆ ಊರಿನ ಮಾಡೇ ಹಾರಿತು ಎನ್ನುತ್ತಾರೆ.
ಬಡಗು ಮುಚ್ಚಿದೆ. ಕತ್ತಲಾಗಲಿ,
ಹತ್ತರಲ್ಲಿ ತೆಂಕು ಕೇಳು."

ಕತ್ತಲಾಯಿತು. ಸೊಳ್ಳೆ.
ಏಳು ಗಂಟೆಯ ಮೇಲೆ ಮೊರಿಷಸ್ಸಿನ ಒಬ್ಬ,
ನಡುಗುತ್ತಾ,
ಬಾವಿಯೊಳಗೆ ಬಾಯಿ ಮುಕ್ಕಳಿಸುತ್ತಾ ಮಾತಾಡಿದ ಹಾಗೆ.
ನನ್ನ ಹೆಸರು ಎರಡು ಸಲ ಕೇಳಿದ.
ಚಂಚಲಾಕ್ಷಿ, ಎಂದೆ. ಬಿಡಿಸಿ ಬಿಡಿಸಿ ಹೇಳುವಷ್ಟರಲ್ಲಿ
ಅರ್ಧ ಅವನಿಗೆ ಮುಟ್ಟಿತು, ಅರ್ಧ ಕಡಲಿಗೆ.

ಏಲಂ ಪುಸ್ತಕದಲ್ಲಿ ಬರೆದೆ:
ಬಾಕಿ, ಏಳು. ಸಂಪರ್ಕ, ಒಂದು.
ಷರಾ ಎಂದಿದೆಯಲ್ಲ, ಅಲ್ಲಿ ಎಂತ ಬರೆಯುವುದು ಎಂದು ತಿರುಗಿದರೆ
ತಿಂಗಳಾಯರು ಆಗಲೇ ಹೊರಗೆ,
ಟಾರ್ಚು ಮೇಲಕ್ಕೆ ಹಿಡಿದು ನೋಡುತ್ತಿದ್ದರು,
ತಂತಿಯ ಮೇಲೆ ಯಾರದಾದರೂ ಬಟ್ಟೆ ಉಂಟೋ ಎಂದು.